ಒಡೆಯಬಾರದ ಆಸಿಡ್

ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ಮೀಸೆ ಬೋಳಿಸಿ. ಮೀಸೆಯೇ ಇಲ್ಲ ಅಂತೀರಾ? ಹೋದ ಸಲ ಕತೆ ಹೇಳಿದಾಗ ಹೋಯ್ತು.

ಕೆಮಿಸ್ಟ್ರಿ ಮೇಡಂ ಹೆರಿಗೆ ರಜೆ ಹಾಕಿದ್ರು. ಅವರ ಕ್ಲಾಸು ಬಾಟನಿ ಮೇಷ್ಟ್ರ ಕೊರಳಿಗೆ ಬಿತ್ತು. ಎಂಟು ವರ್ಷದಿಂದ ಟೆಂಪರರಿ ಮನುಷ್ಯ. ಅವತ್ತು ಇನ್ಸ್‌ಪೆಕ್ಟರ್ ಕೂತು ಪಾಠ ಕೇಳ್ತಾರೆ, ಮೆಚ್ಚಿದ್ರೆ ಪರ್ಮನೆಂಟ್.

ಸ್ಟಾಫ್ ರೂಮಲ್ಲಿ ಲೆಕ್ಕದ ಮೇಷ್ಟ್ರು ಧೈರ್ಯ ತುಂಬಿದ್ರು. "ನೆಟ್ ಅಯಾನಿಕ್ ಈಕ್ವೇಶನ್ ತಾನೆ? ಆಸಿಡ್ ಕಂಡ್ರೆ ಎರಡು ಚೂರಾಗಿ, ಅಂದ್ರೆ ಎರಡು ಅಯಾನಾಗಿ, ಒಡೆದು ಬರೀರಿ. ಎರಡೂ ಕಡೆ ಸುಮ್ನೆ ನಿಂತು ನೋಡೋ ಅಯಾನುಗಳನ್ನ ಹೊಡೆದುಹಾಕಿ. ಉಳಿದದ್ದೇ ಉತ್ತರ."

"ಒಡೆಯೋದು, ಹೊಡೆಯೋದು ನನ್ನ ಸಬ್ಜೆಕ್ಟು ಕಣ್ರೀ," ಅಂದ್ರು ಡ್ರಿಲ್ ಮೇಷ್ಟ್ರು.

ಕ್ಲಾಸಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದ್ರು, ಆಸಿಡ್ ಸಲೀಸಾಗಿ ಒಡೀತು. ಸೋಡಿಯಂ, ಕ್ಲೋರೈಡ್ ಹೊಡೆದುಹಾಕಿದ್ದಾಯ್ತು, ನೀರು ಬಂತು. ಅದೇ ಹುಮ್ಮಸ್ಸಲ್ಲಿ ಮೇಷ್ಟ್ರು ವಿನೆಗರ್‌ನ ಆಸಿಡ್ಡನ್ನೂ ಬಿಸ್ಕತ್ತಿನ ಹಾಗೆ ಮುರಿದ್ರು.

ಮುಂದಿನ ಬೆಂಚಿನ ಹುಡುಗಿ ಎದ್ದಳು. "ಸರ್, ಅದು ವೀಕ್ ಆಸಿಡ್. ನೀರಲ್ಲಿ ಹೆಚ್ಚುಕಮ್ಮಿ ಇಡಿಯಾಗೇ ಇರುತ್ತೆ. ಸ್ಟ್ರಾಂಗ್ ಇದ್ರೆ ಮಾತ್ರ ಒಡೀಬೇಕು."

ಮೇಷ್ಟ್ರ ಮುಖ ಹಿಂಡಿದ ಒರಸೋ ಬಟ್ಟೆ ಥರ ಆಯ್ತು. ನಾಲಿಗೆ ಮಾತ್ರ ಕೈಕೊಡಲಿಲ್ಲ. "ಭೇಷ್. ನೀವು ಹಿಡೀತೀರೋ ಇಲ್ವೋ ಅಂತ ಬೇಕಂತಲೇ ತಪ್ಪು ಬರೆದೆ."

ಹಿಂದಿನ ಬೆಂಚಿಂದ ಇನ್ಸ್‌ಪೆಕ್ಟರ್ ಎದ್ದೇಬಿಟ್ರು. "ಇಂಥ ಪಾಠ ನಾನೆಲ್ಲೂ ನೋಡಿಲ್ಲ ರೀ. ನಿಮ್ಮನ್ನ ಟೆಂಪರರಿ ಇಟ್ಟಿದಾರಾ?" ಪೆನ್ನಿನ ಕ್ಯಾಪ್ ಬಿಚ್ಚಿದ್ರು. "ಸಹಿಗೆ ಮುಂಚೆ ಇನ್ನೊಂದೇ ಒಂದು ತಪ್ಪು ಮಾಡಿ ತೋರಿಸಿ. ಹೈಡ್ರೋಫ್ಲೋರಿಕ್ ಆಸಿಡ್ ತಗೊಳ್ಳಿ."

ಮೇಷ್ಟ್ರು ಮನಸ್ಸಲ್ಲೇ ಲೆಕ್ಕ ಹಾಕಿದ್ರು. ಇದು ಹೈಡ್ರೋಕ್ಲೋರಿಕ್‌ನ ಒಡಹುಟ್ಟಿದ ತಮ್ಮ. ಅಣ್ಣ ಸ್ಟ್ರಾಂಗ್ ಅಂದ್ಮೇಲೆ ತಮ್ಮನೂ ಸ್ಟ್ರಾಂಗೇ. ಒಡೆದ್ರೆ ಸರಿ, ಒಡೀದಿದ್ರೆ ತಪ್ಪು. ಖುಷಿಯಾಗಿ ಇಡಿಯಾಗೇ ಬರೆದು, "ಎಲ್ಲಿದೆ ತಪ್ಪು, ಹಿಡೀರಿ ನೋಡೋಣ," ಅಂದ್ರು.

ಹುಡುಗಿ ಮೂರು ಸಲ ಓದಿದಳು. "ತಪ್ಪೇ ಇಲ್ಲ ಸರ್. ಇದೂ ವೀಕ್ ಆಸಿಡ್ಡೇ. ಸರಿಯಾಗೇ ಬರ್ದಿದೀರ."

"ಇನ್ನೊಂದ್ಸಲ ನೋಡಮ್ಮ," ಮೇಷ್ಟ್ರು ಅಂಗಲಾಚಿದ್ರು. "ಎಲ್ಲೋ ಒಂದ್ಕಡೆ ಇದ್ದೇ ಇರುತ್ತೆ."

ಕಿಟಕೀಲಿ ಇಣುಕ್ತಿದ್ದ ಲೆಕ್ಕದ ಮೇಷ್ಟ್ರು ಹಣೆ ಚಚ್ಚಿಕೊಂಡ್ರು. "ಒಂದು ಮೈನಸ್ಸಾದ್ರೂ ಬಿಡಬಾರದಿತ್ತೇನ್ರೀ?"

ಇನ್ಸ್‌ಪೆಕ್ಟರ್ ರಿಪೋರ್ಟಲ್ಲಿ ಎರಡು ಸಾಲು ಗೀಚಿ ಕ್ಯಾಪ್ ಮುಚ್ಚಿದ್ರು: "ಕೇಳಿದಾಗ ತಪ್ಪು ಮಾಡಲು ಇವರಿಗೆ ಬರುವುದಿಲ್ಲ. ಇನ್ನೊಂದು ವರ್ಷ ಟೆಂಪರರಿಯಾಗಿಯೇ ಇರಲಿ."

ಈಗ ಮೇಷ್ಟ್ರು ತಪ್ಪು ಮಾಡೋದು ಕಲಿಯೋಕೆ ಆ ಹುಡುಗಿ ಹತ್ರಾನೇ ಟ್ಯೂಶನ್‌ಗೆ ಹೋಗ್ತಾರೆ. ನಿನ್ನೆ ನಾನೇ ಕಣ್ಣಾರೆ ನೋಡ್ದೆ, ಆಕೆ ಬೆತ್ತ ಹಿಡ್ಕೊಂಡು... ಅರೆ, ಎದ್ದೇಬಿಟ್ರಾ? ಚಪ್ಪಲಿ ಆಮೇಲೆ ಹಾಕ್ಕೊಳ್ರೀ, ನಿಜವಾದ ಮಜಾ ಈಗ ಬರುತ್ತೆ, ಆ ಬೆತ್ತಾನ ಆಕೆ ಆಸಿಡ್ಡಲ್ಲಿ ಅದ್ದಿ—