ನೂರಾ ಮೂವತ್ತೇಳನೆಯ ಚುಕ್ಕೆ

ಇನ್ನೂರು ಚುಕ್ಕೆಗಳಲ್ಲಿ ನೂರಾ ತೊಂಬತ್ತೊಂಬತ್ತನ್ನು ಸೂರ್ಯಕಾಂತ ಖುದ್ದಾಗಿ ಹೋಗಿ ಕಣ್ಣಾರೆ ನೋಡಿ ಬಂದಿದ್ದ. ಒಂದೇ ಒಂದನ್ನು ಮಾತ್ರ ಮೆಹದಿಪಟ್ಟಣಂನ ತನ್ನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಬರೆದುಬಿಟ್ಟಿದ್ದ. ಹಾಳಾದ ಗ್ರಹಚಾರ, ಸರಿಯಾಗಿ ಅದೇ ಚುಕ್ಕೆಗೆ ಬಂದು ವಕ್ಕರಿಸಿತು.

ಕೊಂಡಾಪುರದ ಆಫೀಸಿನಲ್ಲಿ ಅವನ ಕೆಲಸ ಇಷ್ಟೇ: ಉಪಗ್ರಹದ ಚಿತ್ರದಲ್ಲಿ ಹಸಿರು ಕಂಡ ಕಡೆ ಇಟ್ಟ ಚುಕ್ಕೆಗಳಿಗೆ ಹೋಗಿ, ಅದು ಮರವೋ ಹುಲ್ಲೋ ಬಳ್ಳಿಯೋ ನೋಡಿ ಬರೆಯುವುದು. ಊರಿನ ಮರಗಳ ನಕ್ಷೆ ಅದರ ಮೇಲೆ ತಯಾರಾಗಬೇಕು. ನಾಚಾರಂನ ಕಾರ್ಖಾನೆಗಳ ನಡುವಿನ ನೂರಾ ಮೂವತ್ತೇಳನೆಯ ಚುಕ್ಕೆ ಚಿತ್ರದಲ್ಲಿ ಗುಂಗುರು ತಲೆಯಂತೆ ದಟ್ಟವಾಗಿತ್ತು. ಹೊರಗೆ ನೆತ್ತಿ ಸುಡುವ ಬಿಸಿಲು. ಮರವಲ್ಲದೆ ಮತ್ತೇನು ಎಂದುಕೊಂಡು ‘ಮರ’ ಎಂದೇ ಬರೆದ.

ಇವತ್ತು ಬೆಳಿಗ್ಗೆ ಹತ್ತಕ್ಕೆ ಆಫೀಸಿನ ಮುಖ್ಯಸ್ಥ, ಬೀದರಿನ ಸುಶಾಂತ ಕರೆದ.

“ಸೂರ್ಯಕಾಂತ, ಇಲಾಖೆ ಸಾಹೇಬ್ರು ನಾಕ್ ಗಂಟೆಕ್ಕ ಒಂದ್ ಚುಕ್ಕಿ ಸ್ವತಾ ನೋಡ್ತಾರಂತ. ನೂರಾ ಮೂವತ್ತೇಳು. ಅವರಿಗೆ ಒಪ್ಪಿಗಿ ಆತಂದ್ರ ನಿನ್ನ ಕಾಯಂ ಆರ್ಡರಿಗೆ ಇವತ್ತ ಸಹಿ. ನೀ ಮುಂದ ಹೋಗಿ ನಿಂದ್ರು.”

ಆರು ವರ್ಷದಿಂದ ಅವನು ಕಾಂಟ್ರಾಕ್ಟ್ ನೌಕರ. ‘ಕಾಯಂ ಆಗಲಿ, ಆಮೇಲೆ ಮಾತಾಡೋಣ’ ಎಂದು ಅವನು ಮದುವೆಯಾಗಬೇಕಿದ್ದ ಕಾವ್ಯಾಳ ತಂದೆ ಎರಡು ವರ್ಷದಿಂದ ಮದುವೆ ಮುಂದೂಡುತ್ತಿದ್ದರು. ಸೂರ್ಯಕಾಂತನಿಗೆ ಮೆಟ್ರೊದಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಹಬ್ಸಿಗುಡಾದಲ್ಲಿ ಇಳಿದು ಆಟೊ ಹಿಡಿದು, ಮೊಬೈಲು ತೋರಿಸಿದ ಜಾಗದಲ್ಲಿ ನಿಂತು ನೋಡುತ್ತಾನೆ: ಒಂದು ತಗಡಿನ ಶೆಡ್ಡು, ಅದರ ಮೇಲೆಲ್ಲ ಹಬ್ಬಿದ ತೊಂಡೆ ಬಳ್ಳಿ. ಮರದ ಸುಳಿವೇ ಇಲ್ಲ.

“ಅಯ್ಯಯ್ಯೋ, ಸತ್ತೆ!”

ಏಣಿಯ ಮೇಲೆ ನಿಂತು ತೊಂಡೆಕಾಯಿ ಹರಿಯುತ್ತಿದ್ದ ಹೆಂಗಸು ತಿರುಗಿದಳು. ಸಾಬೂನು ಕಾರ್ಖಾನೆಯ ಕಾವಲಿಗಿದ್ದ ಯಾದಗಿರಿ ಕಡೆಯ ಹಂಪಮ್ಮ.

“ನಮ್ಮ ಕಡೆಯವ ಅದೀಯೇನೋ ಯಪ್ಪಾ? ಯಾಕ ಸಾಯ್ತಿ, ಇಳಿದು ಬರ್ತೀನಿ ತಡಿ.”

ಅವನು ಎಲ್ಲ ಹೇಳಿಕೊಂಡ. ಹಂಪಮ್ಮ, “ಖರೇ ಹೇಳಿಬಿಡು” ಎಂದಳು. ಅಷ್ಟರಲ್ಲಿ ಕಾರ್ಖಾನೆಯ ಸೂಪರ್‌ವೈಜರ್ ಶಿವಶರಣಪ್ಪ ಬಂದರು. ಕರೆಯದ ಪಂಚಾಯಿತಿಗೆ ಹೋಗಿ ನಡುವೆ ಕೂರುವ ಪೈಕಿ.

“ಖರೇ ಹೇಳಿದವ್ರು ಎಲ್ಲಿ ಕಾಯಂ ಆಗ್ಯಾರ? ನಾಕ್ ಗಂಟೆಕ್ಕಂದ್ರ ಭಾಳ ಟೈಮೈತಿ. ಮದಿವಿ ಹಂದರ ಹಾಕಿಲ್ಲೇನು ನಾವು? ಕಂಬ ನೆಟ್ಟು ಎಲಿ ತಪ್ಪಲ ಕಟ್ಟಿದ್ರ ಅದ ಗಿಡ!”

ಕರೆಂಟಿನವರು ತಂತಿಗೆ ತಾಗುತ್ತದೆಂದು ಕಡಿದುಹಾಕಿದ ಬೇವು, ಹೊಂಗೆಯ ಕೊಂಬೆಗಳು ರಸ್ತೆ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಗೋಡೌನಿನಿಂದ ಬಿದಿರು ಬಂತು. ಬಳ್ಳಿ ಮರೆಯಾಗುವಂತೆ ಶೆಡ್ಡಿನ ಮುಂದೆ ಏಳು ಗುಂಡಿ ತೋಡುವಷ್ಟರಲ್ಲಿ ಸೂರ್ಯಕಾಂತನ ಅಂಗೈಯಲ್ಲಿ ಬೊಬ್ಬೆ ಎದ್ದವು. ಬಿದಿರಿಗೆ ಗೋಣಿತಟ್ಟು ಸುತ್ತಿ, ಕೆಸರು ಬಳಿದು ತೊಗಟೆ ಮಾಡಿ, ಮೇಲೆ ಕೊಂಬೆ ಕಟ್ಟಿದರು. ಒಂದು ಮರ ನಿಲ್ಲಿಸಿದರೆ ಇನ್ನೊಂದು ಕುಡಿದವನಂತೆ ವಾಲುತ್ತಿತ್ತು. ನಡುನಡುವೆ ಸುಶಾಂತನ ಫೋನು: “ಸಾಹೇಬ್ರು ಹೊಂಟ್ರು.” “ತಾರ್ನಾಕಾ ದಾಟಿದ್ವಿ.”

ಅಷ್ಟರಲ್ಲಿ ಹಂಪಮ್ಮ ಮೊದಲ ಕಂಬಕ್ಕೆ ಅರಿಷಿಣ ಕುಂಕುಮ ಹಚ್ಚಿಬಿಟ್ಟಿದ್ದಳು.

“ಇದೇನವ್ವಾ ಮಾಡಿದಿ!”

“ಹಂದರಗಂಬ ನೆಟ್ಟು ಹಂಗ ಬಿಡ್ತಾರೇನೋ? ಕೆಟ್ಟದಾಗ್ತೈತಿ.”

ಸೂರ್ಯಕಾಂತ ಒರೆಸಲು ಹೋಗುವಷ್ಟರಲ್ಲಿ ಕಾರು ಗೇಟಿಗೆ ಬಂದೇ ಬಂತು.

ಸಾಹೇಬರು ಕೆಸರಿಗೆ ಹೆದರಿ ಗೇಟಿನಲ್ಲೇ ನಿಂತು ಕನ್ನಡಕ ಏರಿಸಿದರು. ಒಂದೇ ಬುಡಕ್ಕೆ ಬೇವು, ಹೊಂಗೆ ಎರಡೂ ಹೇಗೆಂದು ಹಿಂದಿಯಲ್ಲಿ ಕೇಳಿದರು. ಕಸಿ ಮಾಡಿದ್ದು ಎಂದು ಶಿವಶರಣಪ್ಪ ಹಿಂದಿಯಲ್ಲೇ ಸಲೀಸಾಗಿ ಉತ್ತರಿಸಿದರು. ಸೂರ್ಯಕಾಂತ ಒಂದು ಮರಕ್ಕೆ ಬೆನ್ನು ಕೊಟ್ಟು, ಅದು ಬೀಳದಂತೆ ತಡೆದು, ಬೆವರುತ್ತ ನಿಂತಿದ್ದ. ಸಾಹೇಬರ ಕಣ್ಣು ಕುಂಕುಮದ ಮೇಲೆ ಬಿತ್ತು. ಜನ ಪೂಜೆ ಮಾಡುವ ಮರವೆಂದರೆ ಹಳೆಯದೇ ಇರಬೇಕು ಎಂದು ಕೈ ಮುಗಿದು, ‘ಮರ’ ಎಂದು ಗುರುತು ಹಾಕಿ, ಕಾರು ಹತ್ತಿದರು.

ಸುಶಾಂತ ಓಡಿ ಬಂದು ಭುಜ ತಟ್ಟಿದ. “ಶಭಾಷ್! ಈ ಚುಕ್ಕೀನ ಯಾಕ ನೋಡಾಕ ಬಂದ್ರು ಗೊತ್ತೇನು? ಹೊಸಾ ಕಂಪ್ಯೂಟರ್ ಇದನ್ನ ‘ಬಳ್ಳಿ’ ಅಂದಿತ್ತು, ನೀ ‘ಮರ’ ಅಂದಿದ್ದಿ. ಅದರ ಪರೀಕ್ಷಾಕ್ಕ ಇಟ್ಟ ಇನ್ನೂರರಾಗ ಇದೊಂದ ಫರಕ್.”

“ಬಳ್ಳಿನ ಇದ್ದಿದ್ರ ಏನ್ ಮಾಡ್ತಿದ್ರಿ ಸರ?” ಸೂರ್ಯಕಾಂತ ಮರಕ್ಕೆ ಬೆನ್ನು ಒತ್ತಿಕೊಂಡೇ ಕೇಳಿದ.

“ಏನ್ ಮಾಡೂದು? ತಿದ್ದತಿದ್ರು. ಮನಷ್ಯಾಗ ಇನ್ನೂರಕ್ಕ ಒಂದ್ ತಪ್ಪು ನಡೀತೈತಿ, ಕಂಪ್ಯೂಟರಿಗೆ ನಡ್ಯಂಗಿಲ್ಲ. ಕಂಪ್ಯೂಟರ್ ಪಾಸಾಗಿ ನಕ್ಷಾ ಮುಗೀತಿತ್ತು, ಇಲ್ಲೇ ನಿನ್ನ ಆರ್ಡರಿಗೆ ಸಹಿ ಆಗ್ತಿತ್ತು. ಕಾಗದಾ ಕಾರಿನ್ಯಾಗ ಐತಿ.”

“ಈಗ?”

“ಈಗ ಕಂಪ್ಯೂಟರ್ ಫೇಲಾತಲ್ಲ! ಅದು ಬಳ್ಳಿ ಅಂದಿದ್ದೆಲ್ಲಾ ಮನಷ್ಯಾನ ಹೋಗಿ ನೋಡಬೇಕಂತ. ನಾಕ್ ಸಾವಿರದ ಮುನ್ನೂರು ಚುಕ್ಕಿ. ‘ಆ ಹುಡುಗಗ ಕೊಡ್ರಿ, ಒಂದೂ ಬಿಡಲಾರದ ನೋಡ್ತಾನ’ ಅಂದ್ರು. ಅವು ಮುಗಿದ ಮ್ಯಾಲ ಆರ್ಡರ್.”

“ಸರ, ಖರೇ ಹೇಳಬೇಕಂದ್ರ…”

ಕಾರಿನ ಹಾರನ್ ಕೂಗಿತು. ಸುಶಾಂತ ಓಡಿಹೋದ.

“ಆರ್ಡರ್ ಎಲ್ಲೈತಿ, ನೋಡೋಣು ತಾ!” ಎಂದು ಶಿವಶರಣಪ್ಪ ಕೈ ಚಾಚಿದರು. ಸೂರ್ಯಕಾಂತ ಹೆಜ್ಜೆ ಮುಂದಿಟ್ಟ. ಬೆನ್ನ ಹಿಂದಿದ್ದ ಮರ ಅಡ್ಡ ಬಿತ್ತು.