ಚಕ್ರಕ್ಕೆ ಹುಂಜ

ಬೆಳಗ್ಗೆ ಎಂಟಕ್ಕೆ ಸಗಿನ್‌ಬೆಕ್ ಕಾರಿನ ಕೀಲಿ ತಿರುಗಿಸಿದ. ದೀಪಗಳೆಲ್ಲ ಹೊತ್ತಿ ಆರಿದವು. ಎಬಿಎಸ್ ಅನ್ನುವ ಒಂದು ಹಳದಿ ದೀಪ ಮಾತ್ರ ಹಟ ಹಿಡಿದು ಉರಿಯುತ್ತಲೇ ಇತ್ತು. ಕಾರು ಕೊಂಡು ಒಂದು ದಿನವೂ ಆಗಿರಲಿಲ್ಲ. ಓಣಿಯ ಹಿರಿಯ ಅಸನಾಲಿ ಅಜ್ಜ ನಿನ್ನೆ ಸಂಜೆ ತಾನೇ ಪದ್ಧತಿಯಂತೆ ಹುಂಜ ಕೊಯ್ದು, ನಾಲ್ಕೂ ಚಕ್ರಗಳಿಗೆ ರಕ್ತ ಬಳಿದು ಹರಸಿದ್ದ.

ಬೇರೆ ದಿನವಾಗಿದ್ದರೆ ಉರಿದರೆ ಉರಿಯಲಿ ಅನ್ನಬಹುದಿತ್ತು. ಇವತ್ತು ಮೂರು ಗಂಟೆಗೆ ಘಾಟಿ ದಾಟಿ ನರೀನ್ ಪೇಟೆಯ ಆಸ್ಪತ್ರೆಯಿಂದ ಹೆಂಡತಿ ನಾಜಿಕ್‌ಳನ್ನೂ ಐದು ದಿನದ ಮಗಳನ್ನೂ ಮನೆಗೆ ಕರೆತರಬೇಕು. ತೊಟ್ಟಿಲಿಗೆ ಅವನೇ ಕೈಯಾರೆ ಬಣ್ಣ ಬಳಿದಿದ್ದ. ಆದರೆ ನಡುವೆ ಅತ್ತೆ ತೋತುಕಾನ್ ಇದ್ದಳು. ನರೀನ್‌ನಲ್ಲೇ ಮನೆ, ಅದೇ ಘಾಟಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು.

"ನೋಡಪ್ಪಾ, ಘಾಟಿ ತುಂಬ ಹಿಮ," ಎಂದು ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದಳು. "ನಿನ್ನ ಕಾರಲ್ಲಿ ಒಂದೇ ಒಂದು ದೀಪ ಉರೀತಿದ್ರೂ ನನ್ನ ಮೊಮ್ಮಗಳು ಹತ್ತಲ್ಲ. ನಲವತ್ತು ದಿನ ತಾಯಿ ಮಗಳು ನನ್ನ ಮನೇಲೇ. ನೀನು ಖಾಲಿ ತೊಟ್ಟಿಲು ನೋಡ್ತಾ ಕೂತ್ಕೋ."

ಸಗಿನ್‌ಬೆಕ್ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಅಕಾರ್ಡಿಯನ್ ಬಿಟ್ಟರೆ ಬೇರೆ ಯಂತ್ರ ಮುಟ್ಟಿದವನಲ್ಲ. ಏನೂ ತೋಚದೆ ಬಾನೆಟ್ ಎತ್ತಿದ. ನಮ್ಮ ಆತ್-ಬಾಶಿಯಲ್ಲಿ ಬಾನೆಟ್ ಎತ್ತುವುದೂ ಒಂದೇ, ಊರಿಗೆಲ್ಲ ಊಟಕ್ಕೆ ಹೇಳಿಕಳಿಸುವುದೂ ಒಂದೇ.

ಮೊದಲು ಬಂದವನು ಪಕ್ಕದ ಮನೆಯ ತೋಲೋಗೊನ್. ಹಿಂದೊಮ್ಮೆ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಹಿಂದೆಯೇ ಅವನ ನಾಯಿ.

"ಬ್ಯಾಟರಿ," ಅಂದ ತೋಲೋಗೊನ್, ನಾಡಿ ಹಿಡಿಯದೆ ಕಾಯಿಲೆ ಹೇಳುವ ವೈದ್ಯನ ಹಾಗೆ. ಬ್ಯಾಟರಿ ಬಿಚ್ಚಿ ಮತ್ತೆ ಹಾಕಿದ. ದೀಪ ಉರಿಯುತ್ತಲೇ ಇತ್ತು. ರೇಡಿಯೊ ಮಾತ್ರ ಸತ್ತಿತು.

"ಕಣ್ಣು ಬಿದ್ದಿದೆ ಕಣೋ," ಎನ್ನುತ್ತ ಎದುರು ಮನೆಯ ಬುರುಲ್ಕಾನ್ ಅಕ್ಕ ದೃಷ್ಟಿ ತೆಗೆಯುವ ಜುನಿಪರ್ ಗಿಡದ ಕಡ್ಡಿ ಹೊತ್ತಿಸಿ ತಂದು ಕಾರಿನೊಳಗೆಲ್ಲ ಹೊಗೆ ಹಾಕಿದಳು. ಹೊಗೆಯ ನಡುವೆಯೂ ದೀಪ ಚೆನ್ನಾಗಿಯೇ ಕಾಣುತ್ತಿತ್ತು.

ಅಸನಾಲಿ ಅಜ್ಜ ಚಕ್ರದ ಬಳಿ ಕೂತು ಗಡ್ಡ ನೀವಿದ. "ಹುಂಜ ಸಣ್ಣದಾಯ್ತು. ನಿನ್ನೆನೇ ಅನ್ಕೊಂಡೆ."

ಹನ್ನೊಂದಕ್ಕೆ ಮೆಕ್ಯಾನಿಕ್ ಶಾಮಿರ್ ಬಂದ. ಯಾರನ್ನೂ ಕೇಳದೆ ಎಡಗಡೆ ಮುಂದಿನ ಚಕ್ರ ಬಿಚ್ಚಿ, ಒಳಗಿಂದ ಒಂದು ವೈರ್ ಎಳೆದು ತೋರಿಸಿದ. ಅದು ಜಗಿದ ಕಬ್ಬಿನ ಸಿಪ್ಪೆಯಂತಾಗಿತ್ತು.

"ಚಕ್ರ ಎಷ್ಟು ಜೋರಾಗಿ ತಿರುಗ್ತಿದೆ ಅಂತ ಬ್ರೇಕಿಗೆ ಸುದ್ದಿ ಮುಟ್ಟಿಸೋ ವೈರ್ ಇದು, ಮೇಷ್ಟ್ರೇ. ಇದಿಲ್ಲ ಅಂದ್ರೆ ಹಿಮದಲ್ಲಿ ಬ್ರೇಕ್ ಒತ್ತಿದಾಗ ಕಾರು ಜಾರುತ್ತೆ. ಯಾವುದೋ ಪ್ರಾಣಿ ಕಡಿದಿದೆ."

"ಇಲಿ," ಅಂದ ತೋಲೋಗೊನ್ ತಕ್ಷಣ. "ಚಳಿಗಾಲದಲ್ಲಿ ಅದಾದ್ರೂ ಏನು ತಿನ್ಬೇಕು ಪಾಪ." ಅವನ ನಾಯಿ ಬಿಸಿಲಿಗೆ ಮೈಯೊಡ್ಡಿ ಮೂತಿ ನೆಕ್ಕಿಕೊಳ್ಳುತ್ತ ಮಲಗಿತ್ತು. ಅದನ್ನು ಯಾರೂ ಏನೂ ಕೇಳಲಿಲ್ಲ.

ಶಾಮಿರ್ ಕಡಿದ ತುದಿಗಳನ್ನು ಕತ್ತರಿಸಿ, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿದ. ಮೇಲೆ ರಬ್ಬರ್ ಕೊಳವೆ ಏರಿಸಿ ಬಿಸಿ ಮಾಡಿ ಬಿಗಿದ. ಚಕ್ರ ತಿರುಗಿದಾಗ ವೈರ್ ಎಳೆಯದ ಹಾಗೆ ಸಡಿಲ ಬಿಟ್ಟು ಕಟ್ಟಿದ. ಓಣಿಯಲ್ಲಿ ಒಂದು ಸುತ್ತು ಹೊಡೆದು ಬರುವಷ್ಟರಲ್ಲಿ ದೀಪ ಆರಿತ್ತು.

ಸಗಿನ್‌ಬೆಕ್‌ಗೆ ಹೋದ ಜೀವ ಬಂದಂತಾಯಿತು. ದೀಪ ಆರಿದ್ದನ್ನು ಅತ್ತೆಗೆ ಫೋನಿನ ವಿಡಿಯೊದಲ್ಲೇ ತೋರಿಸಿದ.

"ಸರಿ," ಅಂದಳು ತೋತುಕಾನ್. "ಇಲ್ಲಿ ಬಂದ್ಮೇಲೆ ಇನ್ನೊಂದ್ಸಲ ಕೀಲಿ ಹಾಕಿ ತೋರಿಸು. ಆಮೇಲೆ ಕರ್ಕೊಂಡ್ ಹೋಗು."

ಹೊರಡಬೇಕು ಅನ್ನುವಾಗ ಗೇಟಿಗೆ ಅಡ್ಡ ಅಸನಾಲಿ ಅಜ್ಜ. ಎರಡೂ ಕಂಕುಳಲ್ಲಿ ಒಂದೊಂದು ದಪ್ಪ ಹುಂಜ.

"ಅಜ್ಜಾ, ಹೊತ್ತಾಯ್ತು. ನಿನ್ನೆ ಬಳಿದಾಗಿದೆಯಲ್ಲ."

"ರಿಪೇರಿ ಆದ ಕಾರು ಹೊಸ ಕಾರೇ. ಎಳೆ ಕೂಸು ಕೂರೋ ಗಾಡಿ. ದೊಡ್ಡೋರ ಮಾತು ಕೇಳು."

ದೊಡ್ಡವರ ಮಾತು ಮೀರುವ ಗಂಡಸು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ನಾಲ್ಕೂ ಚಕ್ರಗಳಿಗೆ ಧಾರಾಳವಾಗಿ ರಕ್ತ ಬಿತ್ತು. ನಾಯಿ ಎದ್ದು ನಿಂತು, ಕಾರು ಓಣಿ ದಾಟುವವರೆಗೂ ಹಿಂದೆ ಓಡಿತು.

ಘಾಟಿಯುದ್ದಕ್ಕೂ ದೀಪ ಹೊತ್ತಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಕಾರು ನಿಲ್ಲಿಸಿ ಸಗಿನ್‌ಬೆಕ್ ಒಳಗೆ ಹೋದ. ಮಗಳನ್ನು ಮೊದಲ ಸಲ ಎತ್ತಿಕೊಂಡ. ಅರ್ಧ ಗಂಟೆ ಹೇಗೆ ಹೋಯಿತೋ ತಿಳಿಯಲಿಲ್ಲ. ಹೊರಗೆ ಬಂದು, ಮಗುವನ್ನು ನಾಜಿಕ್ ಕೈಗೆ ಕೊಟ್ಟು, ದೀಪ ನೋಡಲು ಕಾದಿದ್ದ ಅತ್ತೆಯನ್ನು ಮುಂದೆ ಕೂರಿಸಿ, ಹೆಮ್ಮೆಯಿಂದ ಕೀಲಿ ತಿರುಗಿಸಿದ.

ಹಳದಿ ದೀಪ ಹೊತ್ತಿತು. ಆರಲಿಲ್ಲ.

ಕಾರಿನ ಸದ್ದಿಗೆ ಬೆದರಿ, ಮುಂದಿನ ಚಕ್ರದ ಸಂದಿಯಿಂದ ಆಸ್ಪತ್ರೆ ಅಂಗಳದ ನಾಯಿಯೊಂದು ಹೊರಗೆ ಬಂತು. ಬಾಯಲ್ಲಿ ಶಾಮಿರ್ ಬಿಗಿದ ರಬ್ಬರ್ ಕೊಳವೆ.

ಸಗಿನ್‌ಬೆಕ್‌ಗೆ ಆಗ ಎಲ್ಲವೂ ಹೊಳೆಯಿತು. ತೋತುಕಾನ್ ಇಳಿದು ಚಕ್ರದ ಬಳಿ ಕೂತು, ರಕ್ತಕ್ಕೆ ಬೆರಳು ತಾಗಿಸಿ ಮೂಸಿದಳು. ಸದ್ಯ, ಗಾಡಿ ಬಲ್ಲವಳು, ಇವಳಾದರೂ ಅರ್ಥ ಮಾಡಿಕೊಳ್ಳುತ್ತಾಳೆ ಎಂದು ಅವನಿಗೆ ಸಮಾಧಾನವಾಯಿತು.

"ಏನು ಕೊಯ್ದಿದ್ದು?" ಕೇಳಿದಳು.

"ಹುಂಜ, ಅತ್ತೆ. ನಿನ್ನೆ ಒಂದು, ಇವತ್ತು ಎರಡು. ಅದಕ್ಕೇ ನೋಡಿ, ರಕ್ತದ ವಾಸನೆಗೆ ಈ ನಾಯಿ..."

"ಘಾಟಿ ದಾಟೋ ಗಾಡಿಗೆ ಹುಂಜ." ತೋತುಕಾನ್ ತಲೆ ಚಚ್ಚಿಕೊಂಡಳು. "ನನ್ನ ಬಸ್ಸಿಗೆ ವರ್ಷಕ್ಕೊಂದು ಕುರಿ ಕೊಯ್ತಿದ್ದೆ. ಮೂವತ್ತು ವರ್ಷದಲ್ಲಿ ಒಂದಿನ ಈ ದೀಪ ಹೊತ್ತಲಿಲ್ಲ."

ಆ ಬಸ್ಸಿಗೆ ಈ ದೀಪವೇ ಇರಲಿಲ್ಲ ಎಂದು ಹೇಳಲು ಸಗಿನ್‌ಬೆಕ್ ಬಾಯಿ ತೆರೆದ. ನಾಜಿಕ್ ಕಣ್ಣಲ್ಲೇ ಬೇಡ ಅಂದಳು. ಅಷ್ಟರಲ್ಲಿ ಅತ್ತೆ ಮಗುವನ್ನು ಎತ್ತಿಕೊಂಡು ತನ್ನ ಮನೆಯ ಕಡೆ ಹೆಜ್ಜೆ ಹಾಕಿಯಾಗಿತ್ತು.

"ಒಳ್ಳೇ ಕೊಬ್ಬಿದ ಕುರಿ ಕೊಯ್ದು ನಾಲ್ಕೂ ಚಕ್ರಕ್ಕೆ ಬಳ್ಕೊಂಡು ಬಾ," ಎಂದಳು ತಿರುಗದೆ. "ಆಮೇಲೆ ನೋಡೋಣ."

ನಾಯಿ ಎಲ್ಲಿಗೂ ಹೋಗಲಿಲ್ಲ. ಚಕ್ರದ ಪಕ್ಕದಲ್ಲೇ ಬಾಲ ಆಡಿಸುತ್ತ ಕೂತುಕೊಂಡಿತು.