ಲಗ್ನದ ಫಾರ್ಮಿಗೆ ಮೂರು ಕಡ್ಡಾಯ

ಫಾರ್ಮಿನ್ಯಾಗ ಯಾವ ಪ್ರಶ್ನೆ ಇರಬೇಕು ಅನ್ನೂದನ್ನ ಫಾರ್ಮು ತುಂಬೋರು ಎಂದೂ ಠರಾಯ್ಸಂಗಿಲ್ಲ, ಮೀಟಿಂಗಿಗೆ ಚಾ ಕುಡಿಸಿದವರು ಠರಾಯ್ಸತಾರ. ಇಷ್ಟು ವರ್ಷ ಕಂಪ್ಯೂಟರ್ ಕೆಲಸಾ ಮಾಡಿ ನಾ ಕಲ್ತಿದ್ದು ಇಷ್ಟ.

ಹೈದರಾಬಾದ್ ಇನ್ನೂ ಆಂಧ್ರದ ರಾಜಧಾನಿ ಇದ್ದಾಗಿನ ಮಾತು. ವಧು-ವರ ಕೇಂದ್ರದವರೆಲ್ಲ ಕೂಡಿ, ಒಬ್ಬರ ಕಂಪ್ಯೂಟರಿನ ಬಯೋಡಾಟಾ ಇನ್ನೊಬ್ಬರ ಕಂಪ್ಯೂಟರಿಗೂ ತಿಳೀಬೇಕು, ಅಂಥಾ ಒಂದು ಫಾರ್ಮು ಮಾಡಿಕೊಡ್ರಿ ಅಂತ ನಮ್ಮ ಕೊಂಡಾಪುರದ ಆಫೀಸಿಗೆ ಬಂದರು. ಹೆಸರಿಗೊಂದು ಟ್ಯಾಗು, ಅಂದ್ರ ಒಂದು ಖಾನೆ, ವಯಸ್ಸಿಗೊಂದು ಟ್ಯಾಗು. ಕಡ್ಡಾಯದ್ದು ಖಾಲಿ ಬಿಟ್ಟರ ಕಂಪ್ಯೂಟರು ವಾಪಸ್ ಒಗೀತೈತಿ. ಫಾರ್ಮು ಠರಾಯ್ಸಾಕ ಮೂರು ಮಂದಿ ಕಮಿಟಿ ಮಾಡಿದ್ದರು, ಅವರ ಮೀಟಿಂಗಿಗೆ ನಾ ಆರು ಟ್ಯಾಗು ಬರಕೊಂಡು ಹೋಗಿದ್ದೆ.

ಬಂಗಾರ

ಮೀಟಿಂಗ್ ನಡೆದದ್ದು ಒಬ್ಬ ಬಂಗಾರದ ಅಂಗಡಿ ಸೇಠರ ಮಾಳಿಗಿ ಮ್ಯಾಲೆ. ಚಾ, ಬಿಸ್ಕೀಟು ಅವರದ. "ಬಂಗಾರಕ್ಕ ಟ್ಯಾಗ್ ಎಲ್ಲೈತಿ?" ಅಂದರು.

"ಅದು ವರದಕ್ಷಿಣಿ ಆಗತೈತ್ರಿ, ಕಾನೂನು ಬಿಡಂಗಿಲ್ಲ," ಅಂದೆ.

"ಕೊಡೂದು ತಗೊಳ್ಳೂದು ಯಾಕ ಬರೀತಿ? ಅಭಿರುಚಿ ಅಂತ ಬರಿ."

"ಆಭರಣ ಅಭಿರುಚಿ" ಕಡ್ಡಾಯ ಆತು. ಆರಿಸ್ಕೊಳ್ಳಾಕ ಹನ್ನೆರಡು ನಮೂನಿ. "ಏನೂ ಬ್ಯಾಡ" ಅನ್ನೂದು ಅದರಾಗ ಇರಲಿಲ್ಲ. ಯಾಕಂದ್ರ ಸೇಠರ ಅಂಗಡ್ಯಾಗ ಆ ನಮೂನಿ ಸಿಗತಿರಲಿಲ್ಲ.

ಐನೂರು ಮಂದಿ

ಎರಡನೇ ಮೀಟಿಂಗಿನ ಊಟ ಕಲ್ಯಾಣ ಮಂಟಪದ ಮಾಲಕರದು. ಉಂಡ ಮ್ಯಾಲೆ "ಅತಿಥಿಗಳ ಸಂಖ್ಯೆ" ಅಂತ ಟ್ಯಾಗು ಬಂತು. ಐನೂರಕ್ಕ ಕಡಿಮಿ ಬರದ್ರ ಕಂಪ್ಯೂಟರು ಒಪ್ಪಂಗಿಲ್ಲ.

"ನೂರು ಮಂದ್ಯಾಗ ಲಗ್ನ ಮಾಡೋರು ಏನ್ ಮಾಡಬೇಕ್ರಿ?"

"ಅವರು ಇನ್ನೂ ವಿಚಾರ ಮಾಡಬೇಕು," ಅಂದರು, ಭಾಳ ಶಾಂತವಾಗಿ.

ಬರದ ಗಿರಾಕಿ

ದಿಲ್‌ಸುಖ್‌ನಗರದ ವಧು-ವರ ಕೇಂದ್ರದವರು ನಮ್ಮ ಕಮಿಟಿ ಅಧ್ಯಕ್ಷರು, ತೆಲುಗಿನವರು. ಮಾತೃಭಾಷೆನೂ ಕಡ್ಡಾಯ, ಅದರ ಪಟ್ಟಿ ಅವರದ. ಅದರಾಗ ಕನ್ನಡ ಇರಲಿಲ್ಲ.

"ಕನ್ನಡದವರು ನಮ್ಮಲ್ಲಿ ಒಬ್ಬರೂ ಬಂದಿಲ್ಲ ಬಾಬು," ಅಂದರು.

"ಪಟ್ಟ್ಯಾಗ ಇಲ್ಲಲ್ರಿ, ಹೆಂಗ ಬರಬೇಕು?"

"ಬರಲಿ, ಆಮ್ಯಾಲೆ ಹಾಕೋಣ."

ನಾ ಕನ್ನಡದವ, ಅವರ ಎದುರಿಗೇ ಕೂತಿದ್ದೆ. ಆದರ ನಾ ಗಿರಾಕಿ ಅಲ್ಲ ನೋಡ್ರಿ, ಪಗಾರದವ.

ಅಪೂರ್ಣ

ನನ್ನ ತಂಗಿ ಸಾಲಿ ಟೀಚರ್. ಆಗ ಮೂವತ್ತು ತುಂಬಿತ್ತು, ನಾಕು ಕಡೆಯವರು ನೋಡಿ ಹೋಗಿ ಸುದ್ದಿ ಕಳಿಸಿರಲಿಲ್ಲ. ನಮ್ಮವ್ವ ಅದ ಚಿಂತಿ ಹಚ್ಕೊಂಡು ಸೊರಗಿದ್ದಳು. "ಊರ ಮಂದಿಗೆಲ್ಲ ಲಗ್ನದ ಫಾರ್ಮು ಮಾಡಿಕೊಟ್ಟಿ, ತಂಗೀದು ಯಾವಾಗ ತುಂಬತಿ?" ಅಂದಳು.

ತುಂಬಾಕ ಕೂತೆ. "ಸುಳ್ಳು ಬರೀಬ್ಯಾಡಣ್ಣ," ಅಂದಳು ತಂಗಿ. "ಆಭರಣ ಬ್ಯಾಡ, ಐವತ್ತು ಮಂದಿ ಸಾಕು, ಭಾಷಾ ಕನ್ನಡ." ಪಟ್ಟ್ಯಾಗ ಇಲ್ಲದ್ದನ್ನ ಕೈಲೆ ಟೈಪ್ ಮಾಡಿ, ಹಂಗ ತುಂಬಿ ಒತ್ತಿದೆ. ಪರದಿ ಮ್ಯಾಲೆ ಕೆಂಪಗ ಬಂತು: "ಅಭ್ಯರ್ಥಿ ಅಪೂರ್ಣ." ಆ ಮಾತು ಬರದಾವ ನಾನ.

ಅವ್ವ ಹಿಂದ ನಿಂತು ಓದಿದಳು. "ನನ್ನ ಮಗಳೊಳಗ ಏನು ಕಡಿಮಿ ಐತಂತ?" ಅಂದಳು. ನನಗ ನಾಚಿಕಿ ಬಂತು.

ವಾಪಸ್ ಬಂದ ಫಾರ್ಮೆಲ್ಲ ಒಂದು ಕಡತದಾಗ ಬೀಳತಿದ್ವು, ಶನಿವಾರಕ್ಕೊಮ್ಮೆ ಅದನ್ನ ನೋಡೂದು ನನ್ನ ಕೆಲಸ. ಮಂದಿ ಜಾಣರು, ಸುಳ್ಳು ಬರದು ಪಾಸಾಗತಿದ್ದರು. ಆ ವಾರ ಒಳಗ ಎರಡ ಇದ್ವು. ಒಂದು ತಂಗೀದು. ಇನ್ನೊಂದು ಬಾಲಾನಗರದ ಫ್ಯಾಕ್ಟರಿಯ ಒಬ್ಬ ಎಂಜಿನಿಯರದು: ಕನ್ನಡ, ಆಭರಣ ಬ್ಯಾಡ, ಮಂದಿ ನಾಲ್ವತ್ತು.

ಅವ್ವನ್ನ ಕರಕೊಂಡು ಸೀದಾ ಬಾಲಾನಗರದ ಬಸ್ ಹತ್ತಿದೆ.

ಎರಡು ತಿಂಗಳಿಗೆ ಫ್ಯಾಕ್ಟರಿ ಕ್ವಾರ್ಟರ್ಸಿನ ಹಾಲಿನ್ಯಾಗ ಲಗ್ನ ಆತು. ಕಮಿಟಿಯವರು ಮೂರೂ ಮಂದಿ ಬಂದಿದ್ದರು. ಸೇಠರು ಮದಿಮಗಳ ಕೊರಳ ನೋಡಿದರು. ಮಂಟಪದ ಮಾಲಕರು ಪಂಕ್ತಿ ಎಣಿಸಿ ಸಣ್ಣ ಮಾರಿ ಮಾಡಿದರು. ಅವ್ವ ಮಾತ್ರ ಎಲ್ಲಾರಿಗೂ ಬಾಯ್ತುಂಬ ನಕ್ಕೋತ ಹೋಳಿಗಿ ಬಡಿಸಿದಳು.

ಅಧ್ಯಕ್ಷರು ಮೂರು ಹೋಳಿಗಿ ಉಂಡು, ಕೈ ತೊಳಕೊಂಡು, ನನ್ನ ಬಾಜೂಕ ಕರದರು. "ಬಾಬು, ನಮ್ಮ ಫಾರ್ಮಿನಿಂದ ಕೂಡಿ ಬಂದ ಲಗ್ನ ಇವತ್ತಿನ ತನಕ ಇದೊಂದ. ಆ ವಾಪಸ್ ಬಂದವರ ಕಡತಕ್ಕ ಬ್ಯಾರೆ ಫೀ ಇಡೋಣ. ಆದರ ಅಪೂರ್ಣ ಅನ್ನೂದು ತಗದುಬಿಡು."

"ಮತ್ತ ಏನಂತ ಬರೀಲಿ?"

"ಪ್ರೀಮಿಯಂ ಅಂತ ಬರಿ."